ಇಬ್ಬರ ಭಾರ

"ನಿಮ್ಮ ಗಾಡಿ ಎಡಗಾಲು ಕುಂಟ್ತಾ ಇದೆ ಅಕ್ಕ," ಮೇಸ್ತ್ರಿ ಗಾಡಿಯ ಅಡಿಯಿಂದಲೇ ಕೂಗಿದ. "ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಾ ಎರಡು ತುಂಡು. ಬುಷ್‌ಗಳಂತೂ ಹಲ್ಲುದುರಿದ ಮುದುಕನ ಒಸಡು."

ಅವಳು ಹೂಂ ಎಂದಳು. ಕುಂಟುವುದು ಅವಳಿಗೆ ಗೊತ್ತಿತ್ತು. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತು ತಿರುಗುವ ಮನೆಯಂಥ ಗಾಡಿ ಅದು. ಒಲೆಯ ಮೇಲಿನ ಸರಳಿಗೆ ತೂಗುಹಾಕಿದ್ದ ಎರಡು ಚಹಾ ಕಪ್ಪುಗಳು ವಾರದಿಂದ ಎಡಮೂಲೆಗೆ ಜಾರಿ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ತೆಗೆದಿಡಬಹುದಿತ್ತು. ತೆಗೆದಿರಲಿಲ್ಲ.

"ಯಜಮಾನ್ರು ಎಲ್ಲಿ?"

"ಪೇಟೆಗೆ ಹೋಗಿದ್ದಾರೆ. ಬರ್ತಾರೆ."

ಆರು ತಿಂಗಳಿಂದ ಪೆಟ್ರೋಲ್ ಬಂಕುಗಳಲ್ಲಿ, ಗಾಡಿ ನಿಲ್ಲಿಸಿದ ಬಯಲುಗಳಲ್ಲಿ, ಕೇಳಿದವರಿಗೆಲ್ಲ ಅವಳು ಕೊಟ್ಟ ಉತ್ತರ ಅದೇ. ಒಂಟಿ ಹೆಂಗಸೆಂದು ತಿಳಿಯದಿರಲಿ ಎಂದು ಮೊದಲ ದಿನ ಹೇಳಿದ್ದಳು. ಈಗ ನಾಲಿಗೆ ತಾನಾಗಿಯೇ ಹೇಳುತ್ತಿತ್ತು. ಇನ್ನೊಂದು ಮಾತನ್ನು ಅವಳು ಇದುವರೆಗೆ ಯಾರೆದುರೂ ಆಡಿರಲಿಲ್ಲ. ಆಸ್ಪತ್ರೆಯಿಂದ ಎಲ್ಲರಿಗೂ ಫೋನು ಮಾಡಿ ಅದನ್ನು ತಿಳಿಸಿದ್ದೂ ಅವಳ ಅಣ್ಣ.

ಮಧ್ಯಾಹ್ನದ ಹೊತ್ತಿಗೆ ಹೊಸ ಪಟ್ಟಾ ಕೂತಿತು, ಹೊಸ ರಬ್ಬರ್ ಬುಷ್‌ಗಳೂ ಕೂತವು. ಮೇಸ್ತ್ರಿ ಜಾಕ್ ಇಳಿಸಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತುಬಿಟ್ಟ.

"ಮುಗೀತಾ?"

"ಬೋಲ್ಟ್ ಬಿಗೀಬೇಕು. ಓಡಾಡೋರೆಲ್ಲ ಮೇಲೆ ಕೂತಾಗಲೇ ನಾನು ಬಿಗಿಯೋದು. ಖಾಲಿ ಗಾಡೀಲಿ ಬಿಗಿದ್ರೆ ಆಮೇಲೆ ಭಾರ ಬಿದ್ದು ರಬ್ಬರ್ ತಿರುಚಿಕೊಳ್ಳುತ್ತೆ, ಹರಿಯುತ್ತೆ. ಯಜಮಾನ್ರು ಬರ್ಲಿ."

"ನಾನೊಬ್ಬಳೇ ಕೂತ್ರೆ ಆಗಲ್ವಾ?"

"ಇಬ್ಬರು ಓಡಾಡೋ ಗಾಡಿಗೆ ಒಬ್ಬರ ಭಾರ ಹಿಡಿಯೋಕಾಗುತ್ತಾ? ನಾನು ಬಿಗಿದ ಗಾಡಿ ಇವತ್ತಿನವರೆಗೂ ವಾಪಸ್ ಬಂದಿಲ್ಲ."

"ಅವನ ಹಟ ನಿಮಗೆ ಗೊತ್ತಿಲ್ಲ ಅಕ್ಕ," ಪಕ್ಕದ ಶೆಡ್ಡಿನ ವೆಲ್ಡರ್ ಕೂಗಿದ. "ಹೆಣ್ಣು ನೋಡೋಕೆ ಹೋದಾಗಲೂ ತೂಕ ಕೇಳಿದ್ದ!"

"ಕೇಳಿದ್ದಕ್ಕೇ ಕಣೋ, ಇನ್ನೂ ಬುಷ್ ಹರಿದಿಲ್ಲ."

ತಾನು ನಕ್ಕೆನೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಚಹಾ ಬಂತು. ಮೇಸ್ತ್ರಿ ಮೂರನೆಯ ಲೋಟಕ್ಕೆ ತಟ್ಟೆ ಮುಚ್ಚಿ ಬದಿಗಿಟ್ಟ.

"ಯಜಮಾನ್ರಿಗೆ," ಎಂದ.

ಅವಳು ಆ ತಟ್ಟೆಯನ್ನೇ ನೋಡುತ್ತ ಕೂತಳು. ಅಂಚಿನಿಂದ ನುಸುಳುತ್ತಿದ್ದ ಹಬೆ ಸ್ವಲ್ಪ ಹೊತ್ತಿಗೆ ನಿಂತಿತು.

"ಆರಿಹೋಯ್ತು ನೋಡಿ. ಎಲ್ಲಿದ್ದಾರೆ ಅಂತ ಒಂದು ಫೋನ್ ಮಾಡಿ."

ಅವಳು ಫೋನು ಎತ್ತಿಕೊಂಡಳು. ಮತ್ತೆ ಮಡಿಲಲ್ಲಿಟ್ಟಳು.

"ಅವರು ಬರಲ್ಲ."

"ತಡ ಆಗುತ್ತಾ?"

"ತೀರಿಕೊಂಡ್ರು. ಆರು ತಿಂಗಳಾಯ್ತು."

ಬಂಕಿನಲ್ಲಿ ಎಷ್ಟು ಲೀಟರ್ ಎಂದು ಕೇಳಿದರೆ ಹೇಳುವಂಥದೇ ದನಿ. ಮೇಸ್ತ್ರಿ ಸ್ಟೂಲಿನಿಂದ ಎದ್ದ. ಸ್ಪ್ಯಾನರ್ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

"ಹತ್ತಿ ತಾಯಿ, ಹಾಗಾದ್ರೆ," ಎಂದು ಗಾಡಿಯ ಅಡಿಗೆ ಸರಿದ.

ಅವಳು ಹತ್ತಿ ಪಕ್ಕದ ಸೀಟಿನಲ್ಲಿ ಕೂತಳು. ಗಾಡಿ ತುಸು ಎಡಕ್ಕೆ ವಾಲಿತು. ಆಮೇಲೆ ಕೆಳಗಿನಿಂದ ಮೆಲ್ಲನೆ ಕೇಳಿಸಿತು: "ಆ ಸೀಟಲ್ಲ. ಸ್ಟೇರಿಂಗ್ ಹಿಂದೆ. ಓಡಿಸೋರು ನೀವೇ ಅಲ್ವಾ?"

ಅವಳು ಸರಿದು ಕೂತಳು.

"ಅಲ್ಲಾಡ್ಬೇಡಿ."

ಅಲ್ಲಾಡಲಿಲ್ಲ. ಬೋಲ್ಟು ಒಂದೊಂದೇ ಸುತ್ತು ಬಿಗಿಯುವುದು ಪಾದಕ್ಕೆ ತಿಳಿಯುತ್ತಿತ್ತು. ಮೇಲಿನ ಕನ್ನಡಿಯಲ್ಲಿ ಹಿಂದಿನ ಸರಳು ಕಾಣಿಸಿತು. ಕಪ್ಪುಗಳೆರಡೂ ನೆಟ್ಟಗೆ ತೂಗುತ್ತಿದ್ದವು, ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು.