ಮೂರು ಎಣಿಸುವ ತನಕ

ಅಡಿಲೇಡ್‌ನ ಕಾಲೇಜೊಂದರ ಹುಡುಗಿಯರ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಹಿಡಿದು ಓಡುವ ಕೆಲಸ ಶರಣ್ಯಾಳದು. ಓಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಕಾಯುವುದು ಮಾತ್ರ ಬರುತ್ತಿರಲಿಲ್ಲ. ಸ್ಕ್ರೀನ್ ಪಾಸ್ ಎಂಬ ತಂತ್ರದ ಆಟದಲ್ಲಿ ಎದುರಾಳಿಗಳನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು, ಅವರು ಚೆಂಡೆಸೆಯುವವಳ ಮೇಲೆ ನುಗ್ಗುವಾಗ, ಓಡುವವಳು ಮೂರು ಎಣಿಸುವ ತನಕ ಕಾದು ಪಕ್ಕಕ್ಕೆ ಜಾರಿ ಚೆಂಡು ಪಡೆಯಬೇಕು. ಹೋದ ವಾರ ಶರಣ್ಯಾ ಅವಸರಪಟ್ಟು ಮೊದಲೇ ಜಾರಿದ್ದಳು. ಎದುರಾಳಿಗಳಿಗೆ ಗುಟ್ಟು ತಿಳಿದು, ಚೆಂಡೆಸೆಯುವ ಟೆಸ್ ಏಟು ತಿಂದು ಬಿದ್ದಿದ್ದಳು. ಅದೇ ಶರಣ್ಯಾಳನ್ನು ವಾರವಿಡೀ ಕೊರೆದಿತ್ತು.

ಈ ಶನಿವಾರ ಮಾಸನ್ ಲೇಕ್ಸ್ ಬಡಾವಣೆಯ ಮೈದಾನದಲ್ಲಿ ಕೋಚ್ ಮತ್ತೆ ಅದೇ ಆಟ ಹೇಳಿದರು. ಶರಣ್ಯಾ ಎದುರು ಬಂದವಳನ್ನು ಭುಜದಿಂದ ತಡೆದು, ಮನಸ್ಸಿನಲ್ಲೇ ಎಣಿಸತೊಡಗಿದಳು.

"ಓಡೇ ಶರು! ಯಾಕೆ ನಿಂತ್ಬಿಟ್ಟೆ?" ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಬಂದಿದ್ದ ಅವಳಮ್ಮ ಡಾಕ್ಟರ್ ವಿಶಾಲಾಕ್ಷಿ ಗೆರೆಯಾಚೆಯಿಂದ ಕೂಗಿದರು.

ಕಾಲು ತುಡಿಯುತ್ತಿದ್ದರೂ ಅವಳು ಮೂರು ಎಣಿಸಿಯೇ ಪಕ್ಕಕ್ಕೆ ಜಾರಿ ತಿರುಗಿದಳು. ಟೆಸ್ ಎಸೆದ ಚೆಂಡು ಎದುರಾಳಿಗಳ ತಲೆಯ ಮೇಲಿಂದ ತೇಲಿ ಬಂದು ಕೈ ಸೇರಿತು. ದಾರಿ ಬಿಡಿಸಲು ಮೂವರು ಗೆಳತಿಯರು ಮುಂದೆ ಓಡಿದರು. ಹದಿನೆಂಟು ಗಜ ದಾಟಿದ ಮೇಲಷ್ಟೇ ಅವಳನ್ನು ಯಾರೋ ಕೆಡವಿದರು.

ಟೆಸ್ ಓಡಿ ಬಂದು ಕೈ ಹಿಡಿದೆಬ್ಬಿಸಿದಳು. ವಾರದಿಂದ ಗಂಟಲಲ್ಲೇ ಉಳಿದಿದ್ದ "ಸಾರಿ" ಶರಣ್ಯಾಳ ಬಾಯಿಂದ ಆಗ ಹೊರಬಂತು. ಟೆಸ್ ನಕ್ಕು ಅವಳ ಹೆಲ್ಮೆಟ್ ತಟ್ಟಿದಳು.