ನಡುವಿನ ಮಾತು ಯಾರದು

ಚೀಟಿಗಳ ಮಾತನ್ನು ಸೀಳುವ ಪ್ರೋಗ್ರಾಂ ಬರೆದವಳು ಸ್ವಂತ ಅತ್ತಿಗೆಯೇ ಎಂದು ನಾದಿನಿಗೆ ತಿಳಿದದ್ದು ವಿಚಾರಣೆಯ ಕೋಣೆಯ ಬಾಗಿಲಲ್ಲಿ.

"ಸಾರಿಗೆ ಉಪ್ಪು ಜಾಸ್ತಿ ಅನ್ನೋಕೂ ಸಂಕೋಚ ನಿಮಗೆ. ನನ್ನ ಕುತ್ತಿಗೆ ಕೊಯ್ಯೋಕೆ ಸಂಕೋಚ ಆಗ್ಲಿಲ್ವಾ, ಅತ್ತಿಗೆ?"

"ಒಳಗೆ ನಡಿ. ಮಾತಾಡ್ಬೇಡ."

ಮಾತಾಡಬೇಡ ಎಂದದ್ದೇ ಇನ್ನಷ್ಟು ಅನುಮಾನ ತಂದಿತು.

ಅತ್ತಿಗೆ ಕಾಲೇಜಿನಲ್ಲಿ ಗಣಕ ಸಿದ್ಧಾಂತ ಕಲಿಸುವವಳು. ವಾಕ್ಯಗಳ ಗುಂಪಿಗೆ ಅವಳು 'ಭಾಷೆ' ಎನ್ನುತ್ತಾಳೆ. ಅದನ್ನು ಮುಂಭಾಗಗಳು, ಹಿಂಭಾಗಗಳು ಎಂದು ಎರಡು ಗುಂಪಾಗಿ ಒಡೆಯುವುದು ಅಪವರ್ತನ. ನಾದಿನಿ ದುಡಿಯುವ ಪ್ಯಾಕಿಂಗ್ ವಿಭಾಗದ ಹೆಂಗಸರ ಶೌಚಾಲಯಕ್ಕೆ ಬೀಗ ಜಡಿದ ಮೇಲೆ ಗೋಡೆಗಳಲ್ಲಿ ಕಾಣಿಸಿಕೊಂಡ ಅಚ್ಚಿನ ಚೀಟಿಗಳನ್ನು ಯಾವ ಭಾಗ ಯಾರು ಬರೆದದ್ದೆಂದು ಪತ್ತೆಹಚ್ಚಲು ಕಂಪನಿ ಅವಳ ಕೈಲಿ ಹಾಗೆ ಒಡೆಸಿತ್ತು.

ವಿಚಾರಣಾಧಿಕಾರಿ ಓದಿದ. "'ನಾಳೆ ಗೇಟಿನ ಹತ್ತಿರ', 'ನಾಡಿದ್ದು ಗೇಟಿನ ಹತ್ತಿರ'. ಇದು ಮುಂಭಾಗ. 'ಸೇರಿ', 'ಕೂರಿ'. ಇದು ಹಿಂಭಾಗ. ಯಾವುದಕ್ಕೆ ಯಾವುದನ್ನ ಅಂಟಿಸಿದ್ರೂ ಒಂದು ಚೀಟಿ. ಹಿಂಭಾಗ ಬರೆದೋಳು ಆಗಲೇ ಕೆಲಸ ಬಿಟ್ಟು ಹೋದ್ಲು. ಮುಂಭಾಗ ನಿಂದು ಅಂತ ನೀನೇ ಒಪ್ಕೊಂಡಿದ್ದೀಯ. ಗೇಟಿಗೆ ಜನ ಕರೆದೋಳಿಗೆ ಇಲ್ಲಿ ಕೆಲಸ ಇಲ್ಲ."

"ನಾನು ದಿನ ಮಾತ್ರ ಬರೆದೆ, ಸರ್. ಗೇಟು ನಂದಲ್ಲ."

ಅತ್ತಿಗೆ ಗಂಟಲು ಸರಿಮಾಡಿಕೊಂಡಳು. "ಗೇಟನ್ನ ಹಿಂಭಾಗಕ್ಕೂ ಸೇರಿಸಬಹುದು. 'ನಾಳೆ', 'ನಾಡಿದ್ದು' ಒಂದು ಕಡೆ. 'ಗೇಟಿನ ಹತ್ತಿರ ಸೇರಿ', 'ಗೇಟಿನ ಹತ್ತಿರ ಕೂರಿ' ಇನ್ನೊಂದು ಕಡೆ. ಅಂಟಿಸಿದ್ರೆ ಅವೇ ಚೀಟಿಗಳು ಬರ್ತವೆ. ಭಾಷೆ ಒಡೆಯೋಕೆ ಒಂದೇ ದಾರಿ ಅಂತಿಲ್ಲ."

"ಇದನ್ನ ವರದೀಲಿ ಯಾಕೆ ಹೇಳಿಲ್ಲ?"

"ಹೇಳಿದ್ದೆ. ಆ ಪುಟ ತೆಗೆಸಿದ್ದು ನೀವು."

ನಾದಿನಿ ಅವಳತ್ತ ಓರೆಗಣ್ಣಲ್ಲೇ ನೋಡಿದಳು. ಇದರಲ್ಲೂ ಏನಾದರೂ ಮಸಲತ್ತಿದೆಯೋ?

ಅಧಿಕಾರಿ ಕುರ್ಚಿಗೆ ಒರಗಿದ. "ಎಲ್ಲೆಲ್ಲಿ ಕತ್ತರಿಸಬಹುದು ಅಂತ ಇಷ್ಟು ಗೊತ್ತಿರೋರೇ ಹೊಲಿದಿರಬೇಕು. ಒಂದೇ ಮನೇಲಿ ಬೇರೆ ಇದ್ದೀರಿ. 'ಗೇಟಿನ ಹತ್ತಿರ' ಅನ್ನೋ ಆ ನಡುವಿನ ಮಾತು ನಿಮ್ಮದೇ ಅಲ್ವಾ, ಮೇಡಂ? ಡಬ್ಬಕ್ಕೆ ಸ್ಟಿಕರ್ ಅಂಟಿಸೋರಿಗೆ ಇದೆಲ್ಲ ಎಲ್ಲಿ ಹೊಳೀಬೇಕು?"

ಅತ್ತಿಗೆಯ ಮುಖ ಬಿಳಿಚಿತು. ದುಡಿಯುವವರ ಬಾಯಿಂದ ಒಂದು ಮಾತು ಹೊರಟರೆ ಸಾಕು, ಅದರ ಹಿಂದೆ ಓದಿದವರ ಕೈ ಹುಡುಕುವುದು ಯಜಮಾನಿಕೆಯ ಚಾಳಿ. ನಾದಿನಿಗೆ ಮೈಯೆಲ್ಲ ಉರಿಯಿತು.

"ಇವರಿಗೆ ಜನ ಕರೆಯೋಕೆ ಬರಲ್ಲ, ಸರ್. ಊಟಕ್ಕೆ ಕರೆಯೋದಾದ್ರೂ 'ಊಟ ಅಂದ್ರೇನು' ಅಂತ ಶುರು ಮಾಡ್ತಾರೆ. ದಿನಾನೂ ನಂದು, ಗೇಟೂ ನಂದೇ. ಆಗ ಹೆದರಿ ಸುಳ್ಳು ಹೇಳಿದೆ."

"ಏ, ಸುಮ್ನಿರು," ಎಂದು ಅತ್ತಿಗೆ ಅವಳ ತೋಳು ಜಗ್ಗಿದಳು.

ಅಧಿಕಾರಿ ಪೆನ್ನು ತೆಗೆದ.

"ಪೂರ್ತಿ ಬರ್ಕೊಳ್ಳಿ," ಎಂದಳು ನಾದಿನಿ. "ಬೀಗ ಹಾಕಿಸಿದ್ದು ಯಾರು ಅನ್ನೋದನ್ನೂ."