ದುರ್ಗಯ್ಯನ ಹೆಪ್ಪು

ದೇವಸ್ಥಾನದ ಮುಂದೆ ಚಪ್ಪಲಿ ಬಿಡುವವರನ್ನು ಎಲ್ಲರೂ ಕಂಡಿದ್ದಾರೆ. ಕೊಳಚೆ ತೊಟ್ಟಿಯ ಮುಂದೆ ಬಿಡುತ್ತಿದ್ದವನನ್ನು ಕಂಡವನು ಬಹುಶಃ ನಾನೊಬ್ಬನೇ. ತಿಪಟೂರಿನ ಹೊರವಲಯದಲ್ಲಿ, ಹೆಸರು ಹೇಳಬೇಕಿಲ್ಲದ ಒಂದು ಆಸ್ಪತ್ರೆಯ ಹಿಂದೆ, ತೆಂಗಿನ ತೋಟಕ್ಕೆ ಆತುಕೊಂಡಂತೆ, ಬಚ್ಚಲು ಪಾಯಖಾನೆಗಳ ನೀರನ್ನು ತಿಳಿಗೊಳಿಸಲೆಂದು ಜಲ್ಲಿಕಲ್ಲು ತುಂಬಿದ ದುಂಡನೆಯ ತೊಟ್ಟಿಯೊಂದಿತ್ತು. ಅದರ ಕಾವಲುಗಾರ, ಅರ್ಚಕ, ಸರ್ವಾಧಿಕಾರಿ ಎಲ್ಲವೂ ದುರ್ಗಯ್ಯನೇ. ಗುಂಡಿಗಳೆಲ್ಲ ಉದುರಿದ ಖಾಕಿ ಕೋಟನ್ನು ತೆಂಗಿನ ಹುರಿಯಿಂದ ಬಿಗಿದು, ಕೋಲಿನ ತುದಿಗೆ ಕಟ್ಟಿದ ಚಿಪ್ಪಿನಲ್ಲಿ ನೀರೆತ್ತಿ ಮೂಸುತ್ತ, ಕೊಂಚ ಬಲಕ್ಕೆ ವಾಲಿ, ಬರಿಗಾಲಲ್ಲಿ ಅವನು ಪ್ರದಕ್ಷಿಣೆ ಬರುತ್ತಿದ್ದ ಗಾಂಭೀರ್ಯ ನಮ್ಮ ಪ್ರಾಂಶುಪಾಲರಿಗೂ ಸಿದ್ಧಿಸಿರಲಿಲ್ಲ.

"ಮೊಸ್ರು ಮನೇಗೆ ಯಾರಾರಾ ಮೆಟ್ಟು ಮೆಟ್ಕಂಡು ಹೋಯ್ತಾರಾ ಮೇಷ್ಟ್ರೇ?" ಎಂದು ನನ್ನನ್ನೇ ಕೇಳುತ್ತಿದ್ದ.

ಕಲ್ಲುಗಳ ಮೇಲೆ ಪೊರೆಗಟ್ಟಿ, ಹರಿದು ಬಂದ ಕೊಳೆಯನ್ನು ತಿಂದು ಬದುಕುತ್ತಿದ್ದ ಲೋಳೆಗೆ ಅವನಿಟ್ಟ ಹೆಸರು ಹೆಪ್ಪು. ನಾನಾಗ ಕಾಲೇಜಿನಲ್ಲಿ ಜೀವಶಾಸ್ತ್ರದ ಹೊಸ ಮೇಷ್ಟ್ರು. ಬ್ಯಾಕ್ಟೀರಿಯಾಗಳ ಬಗ್ಗೆ ನಾನು ವಾರ್ಷಿಕ ಸಂಚಿಕೆಗೆ ಬರೆದ ಲೇಖನದಲ್ಲಿ ಅವುಗಳ ಚಿತ್ರಕ್ಕಿಂತ ನನ್ನ ಭಾವಚಿತ್ರವೇ ದೊಡ್ಡದಾಗಿ ಅಚ್ಚಾಗಿತ್ತು. ಅದನ್ನು ಓದಿ ಹೇಳಿದಾಗ ದುರ್ಗಯ್ಯ ಸಾವಧಾನವಾಗಿ ಕೇಳಿ, "ಅದೇ ಕಣ್ರೀ, ಹೆಪ್ಪು" ಎಂದು ನನ್ನ ಆರು ಪುಟಗಳನ್ನು ಮುಗಿಸಿದ್ದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಆಸ್ಪತ್ರೆಯವರು ಅವಧಿ ಮೀರಿದ ಆಂಟಿಬಯೋಟಿಕ್ ಮಾತ್ರೆಗಳನ್ನು ಮೋರಿಗೆ ಸುರಿದರು. ಹೆಪ್ಪು ಸತ್ತು ತೊಟ್ಟಿ ನಾರಿತು. ದುರ್ಗಯ್ಯ ನೊಣವಿನಕೆರೆ ಕಡೆಯ ಹಾಸ್ಟೆಲೊಂದರ ತೊಟ್ಟಿಯಿಂದ ಬಿಂದಿಗೆ ತುಂಬ ಲೋಳೆ ಬೇಡಿ ತಂದ; ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಶಾಸ್ತ್ರಕ್ಕೆ ಅಂಜಿ, ಮಧ್ಯಾಹ್ನದ ಕಿಕ್ಕಿರಿದ ಬಸ್ಸಿನಲ್ಲೇ, ಮೂಗು ಮುಚ್ಚಿಕೊಂಡವರ ಶಾಪಗಳ ನಡುವೆ. ಮರುವರ್ಷ ಮತ್ತೆ ಸುರಿದರು, ಅರ್ಧ ಸತ್ತಿತು. ಮೂರನೆಯ ಸಲ ಹೆಪ್ಪು ಮಾತ್ರೆಗೆ ಜಗ್ಗಲೇ ಇಲ್ಲ. ನಾನು ಅಭಿನಂದಿಸಲು ಹೋದರೆ ಅವನ ಮುಖ ಬಾಡಿತ್ತು.

"ಮೇಲ್ಗಡೇರು ಸತ್ರೂ ಒಳಗಿರೋರು ಲೋಳೆ ಕಂಬ್ಳಿ ಹೊದ್ಕಂಡು ಕುಂತವ್ರೆ. ಸಾಯ್ಬೇಕಾದ್ದು ಸಾಯ್ನಿಲ್ಲ ಅಂದ್ರೆ ಖುಷಿ ಪಡ್ತಾರೇನ್ರೀ?"

ಆ ಮಳೆಗಾಲದಲ್ಲೇ ತೊಟ್ಟಿಯ ಜಲ್ಲಿ ಅವನ ಬಲಗಾಲನ್ನು ಸೀಳಿತು. ಗಾಯ ಕೀವುಗಟ್ಟಿತು. ಆಸ್ಪತ್ರೆಯ ಡಾಕ್ಟರು ಗಂಗಾಧರ್ ಬರೆದುಕೊಟ್ಟ ಮಾತ್ರೆಯ ಬಣ್ಣ ಕಂಡೊಡನೆ ದುರ್ಗಯ್ಯ ಕೈಮುಗಿದ.

"ಇದು ಬ್ಯಾಡಿ ಬುದ್ಧಿ. ನಮ್ ತೊಟ್ಟಿಯೋರು ಇದುನ್ನ ಆಗ್ಲೇ ತಿಂದು ಅರಗಿಸ್ಕಂಡವ್ರೆ."

"ಡಾಕ್ಟ್ರು ನೀನೋ, ನಾನೋ?" ಎಂದು ಗಂಗಾಧರ್ ನಕ್ಕರು. ಜೊತೆಗೆ ಬಂದಿದ್ದ ನಾನೂ ನಕ್ಕೆ. ಜೀವಶಾಸ್ತ್ರ ಓದಿದವನು ನಾನು, ನಗಬಾರದಿತ್ತು.

ಹತ್ತು ದಿನ ಮಾತ್ರೆ ನುಂಗಿದರೂ ಕಾಲು ಊದಿ ಕಪ್ಪಾಗುತ್ತ ಬಂತು. "ಕಾಲೇ ತೆಗೀಬೇಕಾಯ್ತದಂತೆ ಮೇಷ್ಟ್ರೇ" ಎಂದು ಅವನ ಹೆಂಡತಿ ರಾಮಕ್ಕ ನಮ್ಮ ಜಗಲಿಯ ಮೇಲೆ ಕುಸಿದು ಕುಳಿತಳು. ತುಮಕೂರಿಗೆ ಕಳಿಸಿದ್ದ ಕೀವಿನ ಪರೀಕ್ಷೆಯ ವರದಿಯನ್ನು ಗಂಗಾಧರ್ ಎರಡು ಸಲ ಓದಿದರು: ತಾವು ಕೊಟ್ಟ ಮದ್ದಿಗೆ ಆ ರೋಗಾಣು ಜಗ್ಗುವುದಿಲ್ಲ. ಬೇರೆ ಇಂಜೆಕ್ಷನ್ನು ಕಾಲನ್ನು ಉಳಿಸಿತು. ಎರಡು ಬೆರಳು ಹೋದವು. ಮೋರಿಗೆ ಮಾತ್ರೆ ಸುರಿಯುವುದು ಅಂದಿಗೆ ನಿಂತಿತು.

ಡಾಕ್ಟರೇ ಅವನಿಗೆ ಗಮ್‌ಬೂಟು ತಂದುಕೊಟ್ಟರು. ಕೆಲಸಕ್ಕೆ ಮರಳಿದ ದಿನ ದುರ್ಗಯ್ಯ ಎಂದಿನಂತೆ ಗೇಟಿನ ಬಳಿ ಚಪ್ಪಲಿ ಬಿಟ್ಟ, ತೊಟ್ಟಿಗೆ ಕೈಮುಗಿದ, ಆಮೇಲೆ ಬೂಟಿಗೆ ಕಾಲು ತೂರಿಸಿದ.

"ಏನಯ್ಯ, ಮಡಿ ಕೆಟ್ಟಿತಲ್ಲ?" ಎಂದು ಕೆಣಕಿದೆ.

"ಹೆಪ್ಪಿನೋರು ಈಗ ದಾಯಾದಿಗಳಾಗವ್ರೆ ಕಣ್ರೀ. ಕೈನೂ ಮುಗೀಬೇಕು, ಕಾಲ್ನೂ ನೋಡ್ಕಾಬೇಕು."

ಆ ತೊಟ್ಟಿಯೂ ಇಲ್ಲ, ದುರ್ಗಯ್ಯನೂ ಇಲ್ಲ. ಮೊಸರು ಹುಳಿಯಾದ ದಿನ ಮಾತ್ರ ಆ ಹುರಿ ಬಿಗಿದ ಕೋಟು ಕಣ್ಣಿಗೆ ಕಟ್ಟುತ್ತದೆ. ಒಂದು ಜೀವಿಗೆ ಲ್ಯಾಟಿನ್ ಹೆಸರು ಸಿಕ್ಕೊಡನೆ ಅದು ನಮ್ಮ ಅಂಕೆಗೆ ಬಂದಿತೆಂದು ಓದಿದ ನಾವು ಬೀಗುತ್ತೇವೆ. ದುರ್ಗಯ್ಯನಂಥವರು ತಾವೇ ಸಾಕಿದ್ದಕ್ಕೂ ಅಂಜಬಲ್ಲರು, ಅಂಜಿ ನಮಗೆ ಹೇಳಲೂ ಬಲ್ಲರು. ಕೇಳಿಸಿಕೊಳ್ಳಲು ನಮಗೆ ಕೊಂಚ ಕಾಲ ಬೇಕು, ಅಷ್ಟೇ. ಅಷ್ಟರಲ್ಲಿ ಹೋಗುವ ಬೆರಳುಗಳು ಮಾತ್ರ ಯಾವಾಗಲೂ ಅವರವೇ.